ಮಸ್ಕಿಯ ಬಂಡೆ, ಹಟ್ಟಿಯ ಗಣಿ, ಕನ್ನಡದ ಗೇಮು

ಒಬ್ಬಿಬ್ಬರೇ ಕೂತು ಕಟ್ಟುವ ‘ಇಂಡೀ’ ಕಂಪ್ಯೂಟರ್ ಆಟಗಳಿಗೂ ವಿಜ್ಞಾನ ಕಾದಂಬರಿಗಳಿಗೂ ಹಳೆಯ ನಂಟು. ಆ ನಂಟಿನ ಕತೆ, ಒಂದಿಷ್ಟು ಅಭಿಪ್ರಾಯ ಮತ್ತು ರಾಯಚೂರು ಸೀಮೆಗೆ ಅದರಲ್ಲಿ ಏನಿದೆ ಎಂಬ ವಿಚಾರ.

ಗುರುಗುಂಟಾದ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ನಿಂತರೆ ಈ ನೋಟ ತಪ್ಪದು. ಲಿಂಗಸುಗೂರಿನಲ್ಲಿ ಕಾಲೇಜು ಮುಗಿಸಿ ಬಂದ ಹುಡುಗರು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಾರೆ. ಮೊಬೈಲು ಒಬ್ಬನ ಕೈಯಲ್ಲಿ, ಉಳಿದವರ ಕಣ್ಣೆಲ್ಲ ಅದರ ಮೇಲೆ. “ಹಿಂದ ಅದಾನ ನೋಡಲೇ, ಹೊಡಿ ಹೊಡಿ!” ಎಂದು ಕೂಗು ಏಳುತ್ತದೆ. ಹಟ್ಟಿ ಗಣಿಯಲ್ಲಿ ಪಾಳಿ ಮುಗಿಸಿದವರು ಬಸ್ಸಿಳಿದು, ಟಿಫಿನ್ ಡಬ್ಬಿ ಹಿಡಿದು ಮನೆ ಕಡೆ ನಡೆಯುತ್ತಾರೆ. ಅಮರೇಶ್ವರನ ದರ್ಶನಕ್ಕೆ ಹೊರಟ ಹಿರಿಯರೊಬ್ಬರು ಒಂದು ಗಳಿಗೆ ನಿಂತು, “ಇಡೀ ದಿನ ನೋಡ್ತೀರಲ್ಲೋ ತಮ್ಮಾ, ಅದರಾಗ ಅಂಥಾದ್ದೇನೈತಿ?” ಎಂದು ಕೇಳಿ ಮುಂದೆ ಹೋಗುತ್ತಾರೆ.

ಆ ಪ್ರಶ್ನೆಗೆ ಹುಡುಗರು ಉತ್ತರ ಕೊಡುವುದಿಲ್ಲ. ಹಿರಿಯರೂ ಉತ್ತರಕ್ಕೆ ಕಾಯುವುದಿಲ್ಲ. ಪ್ರಶ್ನೆ ಮಾತ್ರ ಒಳ್ಳೆಯದು. ಸಿನಿಮಾ ಬಗ್ಗೆ, ಕಾದಂಬರಿ ಬಗ್ಗೆ, ನಾಟಕದ ಬಗ್ಗೆ ಕನ್ನಡದಲ್ಲಿ ಎಷ್ಟೋ ಚರ್ಚೆ ನಡೆದಿದೆ. ಗೇಮಿನ ಒಳಗೆ ಏನಿದೆ, ಅದನ್ನು ಯಾರು ಮಾಡುತ್ತಾರೆ, ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಬರಬೇಕು ಎಂಬುದು ಈ ಲೇಖನದ ವಾದ.

ಎಲ್ಲ ಗೇಮೂ ಒಂದೇ ಅಲ್ಲ

ಮನೆಗಳಲ್ಲಿ ‘ಗೇಮ್’ ಎಂದು ಬೈಸಿಕೊಳ್ಳುವುದರಲ್ಲಿ ಮೂರು ಬಗೆಯವು ಕಲೆತುಹೋಗಿವೆ. ಮೊದಲಿಗೆ ಅವನ್ನು ಬಿಡಿಸಿ ನೋಡೋಣ.

ಒಂದು, ದುಡ್ಡು ಕಟ್ಟಿ ಆಡುವ ರಮ್ಮಿಯಂಥವು. ಇದನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಈ ಬಗೆ ಜೂಜು. ಇದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಎರಡನೆಯದು, ಪುಕ್ಕಟೆಯಾಗಿ ಸಿಗುವ ದೊಡ್ಡ ಕಂಪನಿಗಳ ಆಟಗಳು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಪಬ್‌ಜಿ ಮೊಬೈಲ್ ಈ ಜಾತಿಯದು. ಡೌನ್‌ಲೋಡ್‌ಗೆ ಕಾಸು ಬೇಡ. ಒಳಗೆ ಹೋದ ಮೇಲೆ ಬಟ್ಟೆ, ಬಂದೂಕು, ಪೆಟ್ಟಿಗೆ ಎಂದು ಅಂಗಡಿ ತೆರೆಯುತ್ತದೆ, ಇಲ್ಲವೇ ಜಾಹೀರಾತು ಬರುತ್ತದೆ. ನೀವು ಎಷ್ಟು ಹೊತ್ತು ಒಳಗಿರುತ್ತೀರೋ ಕಂಪನಿಗೆ ಅಷ್ಟು ಲಾಭ. ಆದ್ದರಿಂದ ಇಂಥ ಆಟಕ್ಕೆ ಕೊನೆ ಇರುವುದಿಲ್ಲ, ಇರಕೂಡದು ಎಂದೇ ಅದನ್ನು ಕಟ್ಟಿರುತ್ತಾರೆ.

ಮೂರನೆಯದು ಇಂಡೀ ಗೇಮ್. ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬರೋ ನಾಲ್ಕು ಜನರೋ ತಮ್ಮ ಉಳಿತಾಯ, ತಮ್ಮ ಸಮಯ ಹಾಕಿ ಮಾಡುವ ಆಟ. ಹೆಚ್ಚಿನವಕ್ಕೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಅದಕ್ಕೊಂದು ಆರಂಭ, ಒಂದು ಅಂತ್ಯ. ಮಾಡಿದವರ ಹೆಸರು, ರುಚಿ, ಹಟ ಎಲ್ಲವೂ ಅದರಲ್ಲಿ ಕಾಣುತ್ತದೆ. ಪುಸ್ತಕಕ್ಕೆ ತೀರ ಹತ್ತಿರದ ಗೇಮು ಇದೇ.

ಒಬ್ಬ ಮನುಷ್ಯ, ನಾಲ್ಕೂವರೆ ವರ್ಷ

ಅಮೆರಿಕದ ಸಿಯಾಟಲ್‌ನ ಎರಿಕ್ ಬರೋನ್ ಎಂಬ ಯುವಕ ಕಂಪ್ಯೂಟರ್ ಪದವಿ ಮುಗಿಸಿ ಕೆಲಸ ಸಿಗದೆ ಇದ್ದಾಗ ಒಂದು ಆಟ ಮಾಡಲು ಕೂತ. ಅಜ್ಜ ಬಿಟ್ಟುಹೋದ ಪಾಳು ಹೊಲವನ್ನು ಮೊಮ್ಮಗ ಹಸನು ಮಾಡಿ ಬೆಳೆ ತೆಗೆಯುವ ಆಟ. ಜಪಾನಿನ ಹಳೆಯ ‘ಹಾರ್ವೆಸ್ಟ್ ಮೂನ್’ ಅವನಿಗೆ ಪ್ರೇರಣೆ. ಕೋಡು, ಚಿತ್ರ, ಸಂಗೀತ, ಮಾತು ಎಲ್ಲವನ್ನೂ ಒಬ್ಬನೇ ಮಾಡಿದ. ಹೊಟ್ಟೆಪಾಡಿಗೆ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ. ಸುಮಾರು ನಾಲ್ಕೂವರೆ ವರ್ಷ ಹೀಗೆ ದುಡಿದ ಮೇಲೆ 2016ರ ಫೆಬ್ರುವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಹೊರಬಂತು. ಈವರೆಗೆ ಅದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

ಇಂಥದು ಸಾಧ್ಯವಾಗಲು ಎರಡು ಬದಲಾವಣೆ ಕಾರಣ. ಮೊದಲು ಗೇಮನ್ನು ಸಿ.ಡಿ.ಗೆ ಹಾಕಿ, ಡಬ್ಬಿ ಕಟ್ಟಿ, ಅಂಗಡಿಗೆ ತಲುಪಿಸಬೇಕಿತ್ತು. ಅದಕ್ಕೆ ಬಂಡವಾಳಗಾರ ಬೇಕು. 2003ರಲ್ಲಿ ಬಂದ ‘ಸ್ಟೀಮ್’ ಎಂಬ ಆನ್‌ಲೈನ್ ಮಳಿಗೆ ಆ ದಾರಿಯನ್ನು ಮೊಟಕು ಮಾಡಿತು. ಈಗ ಯಾರು ಬೇಕಾದರೂ 100 ಡಾಲರ್ ಶುಲ್ಕ ಕಟ್ಟಿ ತಮ್ಮ ಆಟವನ್ನು ಅಲ್ಲಿ ಮಾರಾಟಕ್ಕಿಡಬಹುದು. ಮಾರಾಟದ ಹಣದಲ್ಲಿ ಸಾಮಾನ್ಯವಾಗಿ ಶೇ 30ರಷ್ಟನ್ನು ಮಳಿಗೆ ಇಟ್ಟುಕೊಳ್ಳುತ್ತದೆ. 2013ರಲ್ಲಿ ಶುರುವಾದ ‘ಇಚ್ ಡಾಟ್ ಐಓ’ದಲ್ಲಿ ಆ ಶುಲ್ಕವೂ ಇಲ್ಲ.

ಎರಡನೆಯದು ಎಂಜಿನ್. ಚಿತ್ರವನ್ನು ಪರದೆಗೆ ತರುವ, ಗುಂಡಿ ಒತ್ತಿದರೆ ಪಾತ್ರವನ್ನು ಓಡಿಸುವ, ಸದ್ದು ಮಾಡಿಸುವ ಕೆಲಸವನ್ನೆಲ್ಲ ಮೊದಲೇ ಬರೆದಿಟ್ಟ ತಂತ್ರಾಂಶಕ್ಕೆ ಆ ಹೆಸರು. ಯೂನಿಟಿ, ಗೊಡೋ ಇಂಥವು. ಗೊಡೋ 2014ರಿಂದ ಮುಕ್ತ ತಂತ್ರಾಂಶವಾಗಿದ್ದು, ಬಳಸಲು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಎಲ್ಲರಿಗೂ ಬರೋನ್‌ನ ಅದೃಷ್ಟ ಇರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ವರ್ಷಗಟ್ಟಲೆ ದುಡಿದು ಮಾಡಿದ ಆಟವನ್ನು ನೂರು ಜನವೂ ಕೊಳ್ಳದೆ ಹೋಗುವುದುಂಟು. ಪುಣೆಯ ನಾಡಿಂಗ್ ಹೆಡ್ಸ್ ತಂಡ ‘ರಾಜಿ’ ಎಂಬ ಆಟಕ್ಕೆ 2017ರಲ್ಲಿ ಜನರಿಂದ ವಂತಿಗೆ ಎತ್ತಲು ಹೋಗಿ ಗುರಿ ಮುಟ್ಟಲಿಲ್ಲ. ತಂಡ ಕೈಚೆಲ್ಲದೆ 2020ರಲ್ಲಿ ಆಟವನ್ನು ಹೊರತಂದಿತು. ಭಾರತದ ಇಂಡೀ ಆಟಗಳತ್ತ ಹೊರಗಿನವರು ತಿರುಗಿ ನೋಡಲು ಅದೂ ಒಂದು ಕಾರಣವಾಯಿತು.

ಕಾದಂಬರಿಯ ಮಡಿಲಲ್ಲಿ ಹುಟ್ಟಿದ ಆಟ

ವಿಜ್ಞಾನ ಕಾದಂಬರಿ ಓದುವವರಿಗೆ ಕಂಪ್ಯೂಟರ್ ಆಟ ಹೊರಗಿನದಲ್ಲ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಬರೆದರು. ಎರಡು ಆಕಾಶನೌಕೆಗಳು ನಕ್ಷತ್ರವೊಂದರ ಸುತ್ತ ಕಾದಾಡುವ ಆಟ. ಆ ಹುಡುಗರ ತಲೆಯಲ್ಲಿ ತುಂಬಿಕೊಂಡಿದ್ದು ಇ.ಇ. ಸ್ಮಿತ್‌ರ ಅಂತರಿಕ್ಷ ಸಾಹಸದ ಕಾದಂಬರಿಗಳು. ಕಂಪ್ಯೂಟರ್ ಆಟದ ಚರಿತ್ರೆಯ ಮೊದಲ ಪುಟಗಳಲ್ಲೇ ವಿಜ್ಞಾನ ಕಾದಂಬರಿ ಕೂತಿದೆ.

ಮುಂದೆಯೂ ಈ ಕೊಡುಕೊಳೆ ನಿಂತಿಲ್ಲ. ‘ಹಿಚ್‌ಹೈಕರ್ಸ್ ಗೈಡ್’ ಬರೆದ ಡಗ್ಲಸ್ ಆಡಮ್ಸ್ 1984ರಲ್ಲಿ ಸ್ಟೀವ್ ಮೆರೆಟ್ಸ್‌ಕಿ ಜೊತೆ ಸೇರಿ ತಮ್ಮ ಕಾದಂಬರಿಯನ್ನು ತಾವೇ ಆಟ ಮಾಡಿದರು. ಸೋವಿಯತ್ ಲೇಖಕರಾದ ಸ್ಟ್ರುಗಾಟ್‌ಸ್ಕಿ ಸಹೋದರರ 1972ರ ‘ರೋಡ್‌ಸೈಡ್ ಪಿಕ್‌ನಿಕ್’ 1979ರಲ್ಲಿ ತಾರ್ಕೊವ್‌ಸ್ಕಿಯ ‘ಸ್ಟಾಕರ್’ ಸಿನಿಮಾ ಆಯಿತು. 2007ರಲ್ಲಿ ಉಕ್ರೇನಿನ ಕೀವ್ ನಗರದ ತಂಡವೊಂದು ಎರಡರಿಂದಲೂ ಸ್ಫೂರ್ತಿ ಪಡೆದು, ಚೆರ್ನೋಬಿಲ್ ದುರಂತದ ನೆಲವನ್ನು ಹಿನ್ನೆಲೆಯಾಗಿಟ್ಟುಕೊಂಡು ಗೇಮು ಮಾಡಿತು. ಪುಸ್ತಕದಲ್ಲಿ ಕಲ್ಪನೆಯಾಗಿದ್ದ ನಿಷೇಧಿತ ವಲಯ ಅವರಿಗೆ ತಮ್ಮದೇ ಊರ ಪಕ್ಕದ ವಾಸ್ತವವಾಗಿತ್ತು.

ಎರಡಕ್ಕೂ ಇಷ್ಟು ಹೊಂದಿಕೆ ಯಾಕೆ? ಒಳ್ಳೆಯ ವಿಜ್ಞಾನ ಕಾದಂಬರಿ ಲೋಕದ ಒಂದು ನಿಯಮವನ್ನು ಬದಲಿಸಿ, ಹಾಗಾದರೆ ಮುಂದೇನು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕುತ್ತದೆ. ಎಚ್.ಜಿ. ವೆಲ್ಸ್ 1895ರಲ್ಲಿ ಕಾಲದಲ್ಲಿ ಓಡಾಡುವ ಯಂತ್ರ ಇದ್ದರೆ ಏನಾಗುತ್ತದೆ ಎಂದು ಕೇಳಿದ್ದು ಹೀಗೆಯೇ. ಗೇಮು ಮಾಡುವವರೂ ಮೊದಲು ನಿಯಮ ಬರೆಯುತ್ತಾರೆ. ಕಾದಂಬರಿಯಲ್ಲಿ ಆ ನಿಯಮದ ಫಲವನ್ನು ಪಾತ್ರ ಉಣ್ಣುತ್ತದೆ, ಆಟದಲ್ಲಿ ನಾವೇ ಉಣ್ಣುತ್ತೇವೆ. ವ್ಯತ್ಯಾಸ ಇಷ್ಟೇ. ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ನಾನು ಮೆಚ್ಚುವ ಮೂರು

ಅಭಿಪ್ರಾಯ ಕೇಳಿದರೆ ನಾನು ಮೂರು ಆಟಗಳ ಹೆಸರು ಹೇಳುತ್ತೇನೆ.

ಮೊದಲನೆಯದು 2019ರ ‘ಔಟರ್ ವೈಲ್ಡ್ಸ್’. ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧವಾಗಿ ಶುರುವಾದ ಆಟ ಇದು. ಪುಟ್ಟ ಸೌರಮಂಡಲ, ಕೈಗೊಂದು ನೌಕೆ. ಇಪ್ಪತ್ತೆರಡು ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲವೂ ನಾಶವಾಗುತ್ತದೆ, ಮತ್ತೆ ಮೊದಲಿನಿಂದ ಆರಂಭ. ಬಂದೂಕಿಲ್ಲ, ಅಂಕವಿಲ್ಲ, ಬಹುಮಾನವಿಲ್ಲ. ಎಂದೋ ಅಳಿದುಹೋದ ಜನಾಂಗದ ಗೋಡೆಬರಹಗಳನ್ನು ಓದುತ್ತ, ಅವರಿಗೆ ಏನಾಯಿತು ಎಂದು ತಿಳಿಯುವುದೇ ಕೆಲಸ. ಒಂದು ಸುತ್ತಿನಿಂದ ಇನ್ನೊಂದಕ್ಕೆ ನಮ್ಮೊಂದಿಗೆ ಬರುವುದು ನಾವು ಕಲಿತದ್ದು ಮಾತ್ರ. ವಿಜ್ಞಾನ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳಿದ ಕಲಾಕೃತಿ ನನಗೆ ಸಿಕ್ಕಿಲ್ಲ. 2020ರಲ್ಲಿ ಇದಕ್ಕೆ ಬ್ರಿಟನ್ನಿನ ಬಾಫ್ಟಾ ‘ಅತ್ಯುತ್ತಮ ಆಟ’ ಪ್ರಶಸ್ತಿ ಬಂತು.

ಎರಡನೆಯದು ಲೂಕಸ್ ಪೋಪ್ ಒಬ್ಬರೇ ಮಾಡಿದ 2013ರ ‘ಪೇಪರ್ಸ್, ಪ್ಲೀಸ್’. ಕಾಲ್ಪನಿಕ ಸರ್ವಾಧಿಕಾರದ ದೇಶವೊಂದರ ಗಡಿಯಲ್ಲಿ ನೀವು ಪಾಸ್‌ಪೋರ್ಟ್ ತಪಾಸಣೆಯ ಗುಮಾಸ್ತ. ಕಾಗದ ಸರಿಯಿದ್ದರೆ ಹಸಿರು ಮುದ್ರೆ, ಇಲ್ಲದಿದ್ದರೆ ಕೆಂಪು. ತಪ್ಪಿದರೆ ಸಂಬಳ ಕಡಿತ, ಮನೆಯಲ್ಲಿ ಮಗುವಿಗೆ ಔಷಧಿ ಇಲ್ಲ. ಗಂಡನ ಕಾಗದ ಸರಿ ಇದೆ, ಹೆಂಡತಿಯದಿಲ್ಲ. ಏನು ಮಾಡುತ್ತೀರಿ? ಒಳ್ಳೆಯ ಮನುಷ್ಯ ಕೆಟ್ಟ ವ್ಯವಸ್ಥೆಯ ಕೈಯಾಗುವುದು ಹೇಗೆ ಎಂಬುದು ಪುಸ್ತಕ ಓದಿದಾಗ ಅರ್ಥವಾಗುತ್ತದೆ. ಇಲ್ಲಿ ಮುದ್ರೆ ಒತ್ತಿದ್ದು ನಮ್ಮದೇ ಬೆರಳಾದ್ದರಿಂದ ಅದು ಚುಚ್ಚುತ್ತದೆ.

ಮೂರನೆಯದು ‘ವೆಣ್ಬಾ’. ಕೆನಡಾದ ಟೊರೊಂಟೊದ ವಿಸೈ ಗೇಮ್ಸ್ ಎಂಬ ಸಣ್ಣ ತಂಡ 2023ರಲ್ಲಿ ಹೊರತಂದದ್ದು. 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಗಂಡ-ಹೆಂಡತಿ, ಅಲ್ಲೇ ಬೆಳೆಯುವ ಮಗ. ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದುಹೋಗಿದೆ. ಅಳಿಸಿದ ಸಾಲುಗಳನ್ನು ಊಹಿಸಿ ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಎರಡು ಗಂಟೆಯೊಳಗೆ ಮುಗಿಯುವ ಈ ಆಟಕ್ಕೆ 2024ರಲ್ಲಿ ಬಾಫ್ಟಾದ ಮೊದಲ ಕೃತಿ ಪ್ರಶಸ್ತಿ ಬಂತು. ತಮ್ಮ ಭಾಷೆ, ತಮ್ಮ ಒಲೆ, ತಮ್ಮ ಹಾಡನ್ನು ಒಂದಿಷ್ಟೂ ಮರೆಮಾಚದೆ ಆ ತಂಡ ಜಗತ್ತಿನ ಮುಂದಿಟ್ಟಿತು. ಜಗತ್ತು ಕೂತು ನೋಡಿತು. ಪಕ್ಕದ ಭಾಷೆಯವರು ತೋರಿಸಿದ ಈ ಧೈರ್ಯ ನಮ್ಮವರಿಗೂ ಬರಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕನ್ನಡದ ಕಪಾಟಿನಲ್ಲಿ

ಕನ್ನಡಕ್ಕೆ ವಿಜ್ಞಾನ ಕತೆ ಹೊಸದಲ್ಲ. ಮನು ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ‘ಮಹಾಸಂಪರ್ಕ’ದಲ್ಲಿ ಮಹಾಭಾರತದ ಕಾಲಕ್ಕೂ ಅನ್ಯಗ್ರಹದವರಿಗೂ ಗಂಟು ಹಾಕಿ ದೊಡ್ಡ ಕಾದಂಬರಿ ಕಟ್ಟಿದರು. ಧಾರವಾಡದ ರಾಜಶೇಖರ ಭೂಸನೂರಮಠ ಈ ಪ್ರಕಾರಕ್ಕೆ ಬಹುಕಾಲ ದುಡಿದವರು. ಬಾಳ ಫೋಂಡಕೆ ಸಂಪಾದಿಸಿ 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಹೊರತಂದ ಭಾರತೀಯ ವಿಜ್ಞಾನ ಕತೆಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡದಿಂದ ಭೂಸನೂರಮಠ ಮತ್ತು ಸಂಜಯ ಹಾವನೂರರ ಕತೆಗಳಿವೆ. ಪಕ್ಕದ ಮರಾಠಿಯಲ್ಲಿ ಖಭೌತ ವಿಜ್ಞಾನಿ ಜಯಂತ ನಾರಳೀಕರ್ ತಾವೇ ಲೇಖನಿ ಹಿಡಿದು ಈ ಪ್ರಕಾರಕ್ಕೆ ಗೌರವ ತಂದುಕೊಟ್ಟರು. 2025ರ ಮೇನಲ್ಲಿ ಅವರು ತೀರಿಕೊಂಡರು.

ನನ್ನ ಪಟ್ಟಿಯ ತುದಿಯಲ್ಲಿರುವುದು ಮಾತ್ರ ವಿಜ್ಞಾನ ಕಾದಂಬರಿ ಎಂಬ ಪಟ್ಟಿ ಹಚ್ಚಿಕೊಳ್ಳದ ಒಂದು ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ 1980ರ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ, ಅವನ ಜೊತೆಗೆ ಜೇನು ಕೀಳುವ ಮಂದಣ್ಣ. ಅಲ್ಲಿ ಆಕಾಶನೌಕೆ ಇಲ್ಲ, ಯಂತ್ರಮಾನವ ಇಲ್ಲ. ಕೋಟ್ಯಂತರ ವರ್ಷಗಳ ಜೀವವಿಕಾಸ ಮಲೆನಾಡಿನ ಒಂದು ಕಾಡಿನ ಅಂಚಿಗೆ ಬಂದು ನಿಲ್ಲುತ್ತದೆ. ವಿದ್ವಾಂಸನಿಗಿಂತ ಮಂದಣ್ಣನ ಕಣ್ಣು ಸೂಕ್ಷ್ಮ ಎಂಬುದನ್ನು ಕಾದಂಬರಿ ಮೆಲ್ಲನೆ ತೋರಿಸುತ್ತದೆ. ಸುಳಿವು ಹಿಡಿದು ಸಾಗುವ ಆ ಹುಡುಕಾಟವನ್ನು ಓದುವಾಗಲೆಲ್ಲ ಇದು ಒಳ್ಳೆಯ ಗೇಮೂ ಆಗಬಹುದಿತ್ತು ಅನ್ನಿಸುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಬೇಕೆಂದು ತೇಜಸ್ವಿ ಪಟ್ಟು ಹಿಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆ ಇತ್ತು.

ನನ್ನ ದೂರು ಇಷ್ಟು. ನಮ್ಮ ಅನೇಕ ವಿಜ್ಞಾನ ಕತೆಗಳು ಪಾಠ ಹೇಳುವ ಅವಸರದಲ್ಲಿ ಮನುಷ್ಯರನ್ನು ಮರೆಯುತ್ತವೆ. ಕತೆಯ ವಿಜ್ಞಾನಿ ಯಾವಾಗಲೂ ಮಹಾನಗರದ ಪ್ರಯೋಗಾಲಯದಲ್ಲಿ ಕೂತಿರುತ್ತಾನೆ. ಸಿಂಧನೂರಿನ ಗದ್ದೆಯಲ್ಲಿ, ಹಟ್ಟಿಯ ಶಾಫ್ಟಿನಲ್ಲಿ ಭವಿಷ್ಯ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ.

ಪರದೆಯಲ್ಲಿ ಒಡೆಯುವ ಅಕ್ಷರ

ಬೆಂಗಳೂರು ಗೇಮಿಂಗ್ ಉದ್ಯಮದಲ್ಲಿ ಹಿಂದೆ ಬಿದ್ದ ಊರಲ್ಲ. ರಾಜೇಶ್ ರಾವ್ 1997ರಲ್ಲಿ ಅಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ವಿದೇಶಿ ಆಟಗಳಿಗೆ ಚಿತ್ರ, ವಾಹನ, ಕಟ್ಟಡಗಳನ್ನು ಮಾಡಿಕೊಟ್ಟು ಹೆಸರು ಪಡೆದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಜಗತ್ತಿನ ದೊಡ್ಡ ಆಟಗಳಲ್ಲಿ ಕನ್ನಡ ನಾಡಿನಲ್ಲಿ ಕೂತವರ ಕೆಲಸವಿದೆ, ಕನ್ನಡ ಮಾತ್ರ ಕಾಣುವುದಿಲ್ಲ.

ಇದಕ್ಕೆ ಮಾರುಕಟ್ಟೆಯ ಲೆಕ್ಕಾಚಾರ ಒಂದು ಕಾರಣವಾದರೆ, ಹೊರಗಿನವರಿಗೆ ಗೊತ್ತಾಗದ ತಾಂತ್ರಿಕ ತೊಡಕು ಇನ್ನೊಂದು. ‘ಮಸ್ಕಿ’ ಎಂಬ ಹೆಸರನ್ನೇ ನೋಡಿ. ಕಂಪ್ಯೂಟರಿನಲ್ಲಿ ಅದು ಐದು ಸಂಕೇತಗಳಾಗಿ ಕೂತಿರುತ್ತದೆ: ಮ, ಸ, ವಿರಾಮ ಚಿಹ್ನೆ, ಕ, ಇಕಾರ. ಪರದೆಗೆ ಬರುವಾಗ ಕ ಕಾರ ಒತ್ತಾಗಿ ಕೆಳಗಿಳಿಯಬೇಕು, ಇಕಾರ ಹಿಂದಕ್ಕೆ ಹಾರಿ ಸ ಕಾರಕ್ಕೆ ಅಂಟಬೇಕು. ಇಂಗ್ಲಿಷಿನಂತೆ ಒಂದಾದ ಮೇಲೊಂದು ಅಕ್ಷರ ಇಟ್ಟರೆ ಅದು ‘ಮಸ್‌ಕಿ’ ಎಂದು ಒಡೆದು ಕಾಣುತ್ತದೆ. ಕನ್ನಡ 1991ರಿಂದಲೇ ಯೂನಿಕೋಡ್‌ನಲ್ಲಿದ್ದರೂ ಗೇಮ್ ಎಂಜಿನ್‌ಗಳು ಈ ಜೋಡಣೆಯನ್ನು ಬಹುಕಾಲ ತಲೆಗೆ ಹಚ್ಚಿಕೊಳ್ಳಲಿಲ್ಲ. ಆಟ ಕನ್ನಡದಲ್ಲಿ ಮಾಡೋಣ ಎಂದು ಕೂತವರು ಮೊದಲ ಸಂಜೆಯೇ ಒಡೆದ ಒತ್ತಕ್ಷರ ಕಂಡು ಇಂಗ್ಲಿಷಿಗೆ ಮರಳಲು ಇಷ್ಟೇ ಸಾಕು.

ಈಗ ಪರಿಸ್ಥಿತಿ ಸುಧಾರಿಸಿದೆ. 2023ರ ಮಾರ್ಚಿನಲ್ಲಿ ಬಂದ ಗೊಡೋ 4ನೇ ಆವೃತ್ತಿಯಲ್ಲಿ ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಭಾರತೀಯ ಲಿಪಿಗಳು ಸರಿಯಾಗಿ ಕೂಡುತ್ತವೆ. ಇದಕ್ಕಿಂತ ಸುಲಭದ ದಾರಿಯೂ ಇದೆ. ಮೊಬೈಲಿನ ಬ್ರೌಸರ್ ಕನ್ನಡವನ್ನು ಚೆನ್ನಾಗಿಯೇ ತೋರಿಸುತ್ತದಲ್ಲ? 2009ರಲ್ಲಿ ಕ್ರಿಸ್ ಕ್ಲಿಮಸ್ ರೂಪಿಸಿದ ‘ಟ್ವೈನ್’ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಓಡುವ ಆಟಗಳನ್ನು ಮಾಡಿಕೊಡುತ್ತದೆ. ಅಲ್ಲಿ ಒತ್ತಕ್ಷರದ ಚಿಂತೆಯೇ ಇಲ್ಲ. ಓದುಗ ಒಂದು ಪುಟ ಓದಿ, ಮುಂದಿನ ಎರಡು ಮೂರು ದಾರಿಗಳಲ್ಲಿ ಒಂದನ್ನು ಆರಿಸುತ್ತಾನೆ, ಕತೆ ಆ ಕಡೆ ತಿರುಗುತ್ತದೆ. ಕತೆ ಬರೆಯಬಲ್ಲ ಯಾರೇ ಆದರೂ ಒಂದು ವಾರದಲ್ಲಿ ಇದನ್ನು ಕಲಿಯಬಹುದು.

ಕಾಲ ಕೆಳಗಿನ ಕತೆ

ಬರೀ ಅಕ್ಷರದ ಆಟಕ್ಕೆ ಬೆಲೆ ಎಲ್ಲಿ ಎನ್ನುವವರಿಗೆ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ವಿಲ್ ಕ್ರೌದರ್ ಎಂಬ ಅಮೆರಿಕದ ಎಂಜಿನಿಯರ್‌ಗೆ ಗುಹೆ ಇಳಿಯುವ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಯನ್ನು ಅಳೆದು ನಕ್ಷೆ ಮಾಡಿದವರಲ್ಲಿ ಅವನೂ ಒಬ್ಬ. ದಾಂಪತ್ಯ ಮುರಿದಾಗ, ತನ್ನ ಹೆಣ್ಣುಮಕ್ಕಳಿಗಾಗಿ 1970ರ ದಶಕದ ನಡುವಿನಲ್ಲಿ ಒಂದು ಆಟ ಬರೆದ. ಚಿತ್ರವೇ ಇಲ್ಲ, ಬರೀ ಮಾತು. ತಾನು ತೆವಳಿದ ಗುಹೆಯನ್ನೇ ವಾಕ್ಯಗಳಲ್ಲಿ ಕಟ್ಟಿದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ‘ಅಡ್ವೆಂಚರ್’ ಎಂಬ ಆ ಆಟದಿಂದಲೇ ಕತೆ ಹೇಳುವ ಗೇಮುಗಳ ಪರಂಪರೆ ಶುರುವಾಯಿತು.

ಕ್ರೌದರ್‌ಗೆ ಒಂದು ಗುಹೆ ಸಾಕಾಯಿತು. ಗುರುಗುಂಟಾದ ಸುತ್ತ ಏನೇನಿದೆ ಎಣಿಸಿ.

ಹತ್ತಿರದಲ್ಲೇ ಹಟ್ಟಿ. ಇಂದಿನ ಕಂಪನಿ 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಆರಂಭವಾದದ್ದಾದರೂ, ಅಲ್ಲಿನ ಪ್ರಾಚೀನ ಗಣಿಗಾರಿಕೆ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಸಿಡಿಮದ್ದು ಇಲ್ಲದ ಕಾಲದಲ್ಲಿ ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರು ಸುರಿದು ಬಿರಿಯುವಂತೆ ಮಾಡಿ, ನೂರಾರು ಅಡಿ ಇಳಿದು ಚಿನ್ನ ತೆಗೆದರು. ಇದನ್ನು ಆಟ ಮಾಡಿ ನೋಡಿ: ಕೈಯಲ್ಲಿ ಎಣ್ಣೆ ದೀಪ, ಬೆನ್ನ ಮೇಲೆ ಕಟ್ಟಿಗೆಯ ಹೊರೆ. ಬೆಂಕಿ ಹೆಚ್ಚಾದರೆ ಹೊಗೆಗೆ ಉಸಿರು ಕಟ್ಟುತ್ತದೆ, ಕಡಿಮೆಯಾದರೆ ಬಂಡೆ ಬಿರಿಯುವುದಿಲ್ಲ. ನೀರನ್ನು ಬಂಡೆಗೆ ಸುರಿಯಬೇಕೋ, ಕುಡಿಯಲು ಉಳಿಸಬೇಕೋ? ಒಂದೇ ನಿಯಮದಿಂದ ಎಷ್ಟು ಕತೆ ಹೊರಡುತ್ತದೆ!

ಆ ಕಡೆ ಮಸ್ಕಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಸುಳಿವು ಹುಡುಕುತ್ತ ಅಲೆಯುವಾಗ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ ಕಂಡ. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ರಾಜ ‘ದೇವಾನಾಂಪ್ರಿಯ’ ಎಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ ಮೊದಲ ಸಲ ‘ಅಶೋಕ’ ಎಂಬ ಹೆಸರು ಸಿಕ್ಕಿ, ಆ ರಾಜ ಯಾರೆಂಬುದು ಕಲ್ಲಿನಲ್ಲೇ ಖಚಿತವಾಯಿತು. ಬ್ರಿಟನ್ನಿನ ಇಂಕಲ್ ತಂಡ 2019ರಲ್ಲಿ ‘ಹೆವನ್ಸ್ ವಾಲ್ಟ್’ ಎಂಬ ಆಟ ಮಾಡಿ, ಕಾಲ್ಪನಿಕ ಲಿಪಿಯೊಂದನ್ನು ಆಟಗಾರರೇ ಓದಿ ಬಿಡಿಸುವಂತೆ ಮಾಡಿತು. ಅವರು ಲಿಪಿಯನ್ನು ಕಲ್ಪಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ನಿಜವಾದದ್ದೇ ಬಂಡೆಯ ಮೇಲಿದೆ.

ಮುದಗಲ್ ಸಮೀಪದ ಪಿಕ್ಲಿಹಾಳದಲ್ಲಿ 1950ರ ದಶಕದಲ್ಲಿ ಎಫ್.ಆರ್. ಆಲ್ಚಿನ್ ಉತ್ಖನನ ಮಾಡಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು, ಬಂಡೆಚಿತ್ರಗಳನ್ನು ದಾಖಲಿಸಿದರು. ಮುದಗಲ್ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗ, 1520ರ ರಾಯಚೂರು ಯುದ್ಧ ಎಲ್ಲವೂ ಇದೇ ದೋಆಬ್ ಸೀಮೆಯವು.

ಇನ್ನು ಮುಂದಿನ ಕಾಲದ ಕತೆ ಬೇಕೆಂದರೆ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ವಸ್ತು ಬೇರೆ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. ‘ಪೇಪರ್ಸ್, ಪ್ಲೀಸ್’ನ ಗುಮಾಸ್ತನ ಜಾಗದಲ್ಲಿ ಉಪಕಾಲುವೆಯ ಗೇಟು ನೋಡಿಕೊಳ್ಳುವ ಗ್ಯಾಂಗ್‌ಮನ್ ಒಬ್ಬನನ್ನು ಇಡಿ. ಇಸವಿ 2090. ಗೇಜ್ ದಿನೇ ದಿನೇ ಇಳಿಯುತ್ತಿದೆ. ಮೇಲ್ಭಾಗದವರಿಗೆ ಭತ್ತ ಒಣಗುವ ಭಯ, ಕೆಳಭಾಗದವರಿಗೆ ಕುಡಿಯಲೂ ನೀರಿಲ್ಲ. ರಾತ್ರಿ ಯಾರೋ ಬಂದು ಬಾಗಿಲು ತಟ್ಟುತ್ತಾರೆ. ಗೇಟು ಎಷ್ಟು ಇಂಚು ಎತ್ತುತ್ತೀರಿ? ಈ ಆಟವನ್ನು ಟೊರೊಂಟೊದಲ್ಲಿ ಕೂತವರು ಮಾಡಲಾರರು. ಸಿಂಧನೂರು, ಮಾನ್ವಿ, ಸಿರವಾರದವರು ಮಾಡಬಲ್ಲರು.

ನಿಯಮ ಕಟ್ಟುವ ವಿದ್ಯೆ ನಮಗೆ ಹಳೆಯದು

ಆಟ ಕಟ್ಟುವುದು ಗಂಭೀರ ಕೆಲಸವಲ್ಲ ಎಂಬ ಭಾವನೆ ಇತ್ತೀಚಿನದು. ಹಂಪಿಯ ಕಲ್ಲು ಹಾಸುಗಳ ಮೇಲೆ ಇಂದಿಗೂ ಹುಲಿ-ಆಡಿನಂಥ ಆಟಗಳ ಮನೆಗಳು ಕೊರೆದಿರುವುದು ಕಾಣುತ್ತದೆ. ಅಳಿಗುಳಿಮಣೆ, ಚೌಕಾಬಾರ ನಮ್ಮ ಅಜ್ಜಿಯರಿಗೆ ಬಾಯಿಪಾಠ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದರು, ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಂದೊಂದೇ ಸಲ ಓಡಿಸುವ ಲೆಕ್ಕವನ್ನು ಬಿಡಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಈ ಮಣೆಯಾಟಗಳನ್ನು ಹುಡುಕಿ, ಮಾಡಿಸಿ, ಪ್ರದರ್ಶನದ ಮೂಲಕ ಮತ್ತೆ ಮನೆಗಳಿಗೆ ತಲುಪಿಸುತ್ತಿದೆ. ರಾಜರು ವಿದ್ಯೆ ಎಂದು ಎಣಿಸಿದ್ದನ್ನು ನಾವು ಕಾಲಹರಣ ಎಂದು ತಳ್ಳುವುದು ಸರಿಯಲ್ಲ.

ಯಾರು ಏನು ಮಾಡಬಹುದು

ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್‌ಗೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ. ಅದು 2012ರಲ್ಲಿ. ಈಗ ಜಾರಿಯಲ್ಲಿರುವುದು 2024–29ರ ಮೂರನೇ ನೀತಿ. ಉತ್ಕೃಷ್ಟತಾ ಕೇಂದ್ರವೂ ಇದೆ, ಬೆಂಗಳೂರಿನಲ್ಲಿ. ಈ ನೀತಿಯ ಒಂದು ಪಾಲು ತಾಲ್ಲೂಕು ಕಾಲೇಜಿನವರೆಗೆ ಬರಬೇಕು. ರಾಯಚೂರಿನಲ್ಲಿ 2019ರಿಂದ ಐಐಐಟಿ ಇದೆ. ಅಲ್ಲಿಯ ವಿದ್ಯಾರ್ಥಿಗಳು ಮತ್ತು ಲಿಂಗಸುಗೂರು, ಸಿಂಧನೂರಿನ ಕನ್ನಡ ಎಂ.ಎ. ಓದುವವರು ಎರಡು ದಿನ ಒಂದೇ ಕೋಣೆಯಲ್ಲಿ ಕೂತು ಒಂದು ಆಟ ಮಾಡಿ ಮುಗಿಸಲಿ. ಜಗತ್ತಿನಾದ್ಯಂತ 2009ರಿಂದ ನಡೆಯುವ ‘ಗ್ಲೋಬಲ್ ಗೇಮ್ ಜಾಮ್’ನ ಪದ್ಧತಿ ಇದೇ: 48 ಗಂಟೆ, ಒಂದು ವಿಷಯ, ಒಂದು ಆಟ. ಕೋಡು ಬಲ್ಲವರಿಗೆ ಕತೆ ಬೇಕು, ಕತೆ ಬಲ್ಲವರಿಗೆ ಕೋಡು ಬೇಕು. ಇಬ್ಬರೂ ಈ ಜಿಲ್ಲೆಯಲ್ಲೇ ಇದ್ದಾರೆ.

ಸಣ್ಣ ಊರಿನಿಂದ ಇದೆಲ್ಲ ಆದೀತೇ ಎಂಬ ಸಂಶಯ ಬೇಡ. ‘ಸ್ಟುಡಿಯೊ ಒಲಿಯೊಮಿಂಗಸ್’ ಎಂಬ ಪುಟ್ಟ ತಂಡ ಗುಜರಾತಿನ ಚಾಲಾ ಎಂಬ ಸಣ್ಣ ಊರಿನಲ್ಲಿ ಕೂತು, ವಸಾಹತು ಕಾಲದ ಚರಿತ್ರೆಯನ್ನೂ ಕಟ್ಟುಕತೆಯನ್ನೂ ಹೆಣೆದು ಆಟ ಮಾಡುತ್ತದೆ. ಅವನ್ನು ಹೊರದೇಶಗಳ ಕಲಾಪ್ರದರ್ಶನಗಳು ಕರೆದು ತೋರಿಸಿವೆ.

ತಂದೆತಾಯಿಯರಿಗೆ ನಾಲ್ಕು ಪ್ರಶ್ನೆ ಕೊಡುತ್ತೇನೆ. ಮಗು ಆಡುವ ಆಟಕ್ಕೆ ಕೊನೆ ಇದೆಯೇ? ನಡುವೆ ಪದೇ ಪದೇ ದುಡ್ಡು ಕೇಳುತ್ತದೆಯೇ? ಮಾಡಿದವರು ಯಾರೆಂದು ಗೊತ್ತೇ? ಆಡಿ ಮುಗಿಸಿದ ಮೇಲೆ ಮಗು ಅದರ ಕತೆಯನ್ನು ನಿಮಗೆ ಹೇಳಬಲ್ಲದೇ? ಮೊದಲನೆಯದಕ್ಕೂ ಕೊನೆಯ ಎರಡಕ್ಕೂ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಆ ಆಟದ ಬಗ್ಗೆ ಆತಂಕ ಬೇಡ. ಹೊತ್ತಿಗೆ ಮಿತಿ ಹಾಕಿ, ಪಕ್ಕದಲ್ಲಿ ಕೂತು ನೋಡಿ. ಉತ್ತರ ಉಲ್ಟಾ ಆದರೆ ಮೊಬೈಲು ಕಸಿದುಕೊಳ್ಳುವ ಮೊದಲು ಒಂದು ಒಳ್ಳೆಯ ಆಟವನ್ನೋ ಒಂದು ‘ಕರ್ವಾಲೊ’ವನ್ನೋ ಕೈಗೆ ಕೊಡಿ.

ಬರೆಯುವ ಯುವಕ ಯುವತಿಯರಿಗೆ ನನ್ನ ಕೋರಿಕೆ ಇನ್ನೂ ನೇರ. ದೊಡ್ಡ ಕಂಪ್ಯೂಟರು ಬರಲಿ, ಬೆಂಗಳೂರಿಗೆ ಹೋದ ಮೇಲೆ ನೋಡೋಣ ಎಂದು ಕಾಯಬೇಡಿ. ನಿಮ್ಮೂರಿನ ಒಂದು ಬಾವಿ, ಒಂದು ಕಾಲುವೆ, ಒಂದು ಗಣಿಯ ಬಾಯಿ ಆರಿಸಿಕೊಳ್ಳಿ. ಅದಕ್ಕೊಂದು ನಿಯಮ ಬರೆಯಿರಿ. ಟ್ವೈನ್ ತೆರೆದು ಇಪ್ಪತ್ತು ಪುಟದ ಆಟವನ್ನು ಕನ್ನಡದಲ್ಲಿ ಕಟ್ಟಿ, ಇಚ್ ಡಾಟ್ ಐಓದಲ್ಲಿ ಹಾಕಿ, ಕೊಂಡಿಯನ್ನು ಗೆಳೆಯರಿಗೆ ಕಳಿಸಿ. ಮೊದಲ ಆಟ ಸಾಧಾರಣವಾಗಿರಬಹುದು, ಮೂರನೆಯದು ಹಾಗಿರುವುದಿಲ್ಲ. ಈ ಕೆಲಸಕ್ಕೆ ಬೇಕಾದ ಉಪಕರಣಗಳೆಲ್ಲ ಈಗ ಪುಕ್ಕಟೆ ಸಿಗುತ್ತವೆ, ಕತೆ ನಿಮ್ಮ ಬಳಿ ಇದೆ. ಇವತ್ತೇ ಶುರು ಮಾಡಿ.